ಕೊನೆಯ ಪುಟದ ಕೆಳಗಿನ ಸಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ಊರು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಈ ವರ್ಷ, ಸಿನಿಮಾ ತಾರೆಯರ ಸುದ್ದಿ ಪೇಪರಿನಲ್ಲಿ, ಫೋನಿನಲ್ಲಿ ಹೇಗೆ ಬರುತ್ತದೆ ಎಂದು ನೋಡುವ ನನ್ನ ಪ್ರಾಜೆಕ್ಟ್‌ಗೆ ಬೇಕಾದ ಸಾಮಾನು ಎರಡೇ. ಒಂದು ಸ್ಕೇಲು, ಒಂದು ಫೋನು. ಸ್ಕೇಲ್ ಹಿಡಿದು ಪೇಪರ್ ಅಳೆಯುತ್ತೇನೆ. ಫೋನಿನಲ್ಲಿ ಸಿನಿಮಾ ತಾರೆಯರ ಪೇಜ್, ರೀಲ್ಸ್, ವಿಡಿಯೊ ನೋಡಿ ಬರೆದಿಟ್ಟುಕೊಳ್ಳುತ್ತೇನೆ.

ಪೇಪರ್ ಅಳೆಯುವುದು ಸುಲಭ. ಸುದ್ದಿ ಎಷ್ಟು ಕಾಲಂ ಅಗಲ, ಎಷ್ಟು ಸೆಂಟಿಮೀಟರ್ ಉದ್ದ ನೋಡಬೇಕು. ಗುಣಿಸಿದರೆ ಕಾಲಂ ಸೆಂಟಿಮೀಟರ್. ಯಾವ ವಿಷಯಕ್ಕೆ ಎಷ್ಟು ಜಾಗ ಸಿಕ್ಕಿತು ಅಂತ ಗೊತ್ತಾಗುತ್ತದೆ. ಆದರೆ ಜಾಗ ಒಂದೇ ಸಾಲದು ಅಂತ ನನಗೆ ಕಲಿಸಿದ್ದು ನಮ್ಮ ಅಪ್ಪಯ್ಯ. ಅವರು ಪೇಪರ್ ಕೈಗೆ ಬಂದ ಕೂಡಲೇ ಮುಖಪುಟ ಬಿಟ್ಟು ಅಡಿಕೆ ಧಾರಣೆ ಹುಡುಕುತ್ತಾರೆ. ಶಿವಮೊಗ್ಗ ಮಾರುಕಟ್ಟೆಯಲ್ಲಿ ಸರಕು ಎಷ್ಟು, ಬೆಟ್ಟೆ ಎಷ್ಟು, ರಾಶಿ ಎಷ್ಟು, ಗೊರಬಲು ಎಷ್ಟು. ಬರೀ ಅಡಿಕೆ ಬಗೆಗಳ ಹೆಸರು, ಅಂಕಿ. ನನ್ನ ಸ್ಕೇಲಿಗೆ ಅದು ಬೆಂಕಿಪೊಟ್ಟಣದಷ್ಟು ಜಾಗ. ಈ ವಾರ ಅಡಿಕೆ ಕೊಡಬೇಕೋ, ಇನ್ನಷ್ಟು ದಿನ ಕಾಯಬೇಕೋ ಎನ್ನುವುದು ನಮ್ಮ ಮನೆಯಲ್ಲಿ ಆ ಪುಟ್ಟ ಜಾಗ ನೋಡಿಯೇ ತೀರ್ಮಾನವಾಗುತ್ತದೆ. ಈಗ ಧಾರಣೆ ವಾಟ್ಸಾಪ್‌ನಲ್ಲೂ ಬರುತ್ತದೆ. ಅಪ್ಪಯ್ಯ ಅದನ್ನೂ ನೋಡುತ್ತಾರೆ. ಮರುದಿನ ಪೇಪರಿನಲ್ಲಿ ಮತ್ತೊಮ್ಮೆ ನೋಡುತ್ತಾರೆ.

ಸುದ್ದಿ ಯಾವುದು, ಯಾಕೆ ಅದೇ ಸುದ್ದಿ ಎಂಬುದು ನಮ್ಮ ಓದಿನಲ್ಲಿ ದೊಡ್ಡ ವಿಷಯ. ಗಾಲ್ಟುಂಗ್ ಮತ್ತು ರೂಗೆ ಎಂಬ ಇಬ್ಬರು 1965ರಲ್ಲಿ ನಾರ್ವೆಯ ನಾಲ್ಕು ಪತ್ರಿಕೆಗಳನ್ನು ಇಟ್ಟುಕೊಂಡು ಇದನ್ನು ವಿಚಾರ ಮಾಡಿದರು. ಒಂದು ಘಟನೆಯನ್ನು ಸುದ್ದಿ ಮಾಡುವ 12 ಗುಣಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ಒಂದು ಗುಣ, ಹೆಸರುವಾಸಿ ವ್ಯಕ್ತಿ. ಕಾಂಗೋ, ಕ್ಯೂಬಾ, ಸೈಪ್ರಸ್ ಬಿಕ್ಕಟ್ಟಿನ ಸುದ್ದಿಗಳನ್ನು ನೋಡಿ ಅವರು ಬರೆದದ್ದು ನಮ್ಮ ಮಲೆನಾಡಿಗೂ ಸರಿಯಾಗಿ ಹೊಂದುತ್ತದೆ. ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಕಾಡಿನ ಉಣ್ಣೆ ಕಚ್ಚಿ ಬರುವ ಕಾಯಿಲೆ ಇದು. ಇಡೀ ಜಗತ್ತಿನ ವೈದ್ಯರು ಇವತ್ತಿಗೂ ಅದನ್ನು ನಮ್ಮ ಕ್ಯಾಸನೂರಿನ ಹೆಸರಿನಲ್ಲೇ ಕರೆಯುತ್ತಾರೆ. ಆ ಸುದ್ದಿ ನಾನು ಅಳೆದ ಪೇಪರಿನಲ್ಲಿ ಜಿಲ್ಲಾ ಪುಟದ ಮೂಲೆಯಲ್ಲಿತ್ತು. ಬೇರೆ ಜಿಲ್ಲೆಯ ಓದುಗನಿಗೆ ಆ ಪುಟವೇ ಸಿಗುವುದಿಲ್ಲ. ಫೋನಿನಲ್ಲಿ ನಾನು ಹುಡುಕುವವರೆಗೂ ಅದು ಬರಲೇ ಇಲ್ಲ. ನನಗೆ ಇದು ತುಂಬಾ ಬೇಜಾರಿನ ಸಂಗತಿ. ಕಾಡಿಗೆ ದರಗು, ಅಂದರೆ ಒಣಗಿದ ಎಲೆ ತರಲು ಹೋಗುವ ಹೆಂಗಸರಿಗೆ ಆ ಸುದ್ದಿ ಜೀವದ ಪ್ರಶ್ನೆ.

ಹಾಗಂತ ತಾರೆಯರ ಸುದ್ದಿ ಕೆಲಸಕ್ಕೆ ಬಾರದ್ದು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಅಜ್ಜಿಯನ್ನು ನೋಡಿದವರು ಯಾರೂ ಹಾಗೆ ಹೇಳಲಾರರು. ಅಜ್ಜಿ ರಾಜ್‌ಕುಮಾರ್ ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಅಣ್ಣಾವ್ರು ಅನ್ನುತ್ತಾರೆ. ಪುನೀತ್ ಅಂದರೆ ಅಪ್ಪು. ಹಾರ್ಟನ್ ಮತ್ತು ವೋಲ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು 1956ರಲ್ಲಿ ಒಂದು ಲೇಖನ ಬರೆದರು. ರೇಡಿಯೊ, ಟಿವಿಯಲ್ಲಿ ಬರುವವರನ್ನು ಜನ ಎದುರಿಗೇ ಕೂತ ಸ್ನೇಹಿತರಂತೆ ಕಾಣುತ್ತಾರೆ, ದೂರದಿಂದಲೇ ಹತ್ತಿರವಾಗುತ್ತಾರೆ ಎಂಬುದು ಅವರ ಮಾತು. ನಾವು ಕನ್ನಡಿಗರು ಆ ಹತ್ತಿರಕ್ಕೆ ಮನೆಯ ಹೆಸರನ್ನೇ ಇಟ್ಟುಬಿಟ್ಟಿದ್ದೇವೆ, ಅಲ್ವಾ?

2000ದ ಜುಲೈ 30, ಭಾನುವಾರ ರಾತ್ರಿ. ವೀರಪ್ಪನ್ ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಅಪಹರಿಸಿದ. ಆಗ ನಾನು ಹುಟ್ಟಿರಲಿಲ್ಲ. ಗಾಜನೂರು ಅಂದಾಗ ಅಜ್ಜಿ ಮೊದಲು ನಮ್ಮ ತುಂಗಾ ಅಣೆಕಟ್ಟಿನ ಗಾಜನೂರು ಅಂದುಕೊಂಡು ಹೆದರಿದ್ದರಂತೆ. ಅದು ತಮಿಳುನಾಡಿನ ತಾಳವಾಡಿ ಕಡೆಯ ಗಾಜನೂರು. ನವೆಂಬರ್ 15ರಂದು ಬಿಡುಗಡೆ. ನಡುವೆ 108 ದಿನ. ಊರಿನಲ್ಲಿ ಒಂದು ರೇಡಿಯೊ, ಅಂಗಡಿಗೆ ಬರುವ ಒಂದು ಪೇಪರ್. ಒಬ್ಬರು ಜೋರಾಗಿ ಓದುತ್ತಿದ್ದರು, ಉಳಿದವರು ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ಗಾಳಿಸುದ್ದಿ ಆಗಲೂ ಇತ್ತು. ನಾಳೆ ಬಿಡುತ್ತಾರಂತೆ, ನಾಡಿದ್ದು ಬಿಡುತ್ತಾರಂತೆ. ಆದರೆ ಅದಕ್ಕೆ ಬಸ್ಸಿನ ವೇಗ ಮಾತ್ರ ಇತ್ತು. ಕಾಡಿನಿಂದ ಕ್ಯಾಸೆಟ್ ಬರಬೇಕು, ಸಂಧಾನಕ್ಕೆ ಹೋದವರು ಹೊರಗೆ ಬರಬೇಕು. ಹೋದವರಲ್ಲಿ ಮುಖ್ಯರು ನಕ್ಕೀರನ್ ಪತ್ರಿಕೆಯ ಸಂಪಾದಕ ಗೋಪಾಲ್. ಪತ್ರಕರ್ತನೊಬ್ಬ ಸುದ್ದಿ ಬರೆಯುವುದನ್ನು ಬಿಟ್ಟು ಸುದ್ದಿಯ ಒಳಗೇ ಹೋಗಿ ನಿಲ್ಲಬಹುದೇ? ನಮ್ಮ ತರಗತಿಯಲ್ಲಿ ಇದರ ಮೇಲೆ ಇಡೀ ಮಧ್ಯಾಹ್ನ ವಾದ ನಡೆಯಿತು. ಒಂದು ಜೀವ ಉಳಿಯುವುದಾದರೆ ಹೋಗಬೇಕು ಅಂತ ನಾನು ಹೇಳಿದೆ. ಈಗಲೂ ಹಾಗೇ ಅನ್ನಿಸುತ್ತದೆ.

ಇನ್ನು 2021ರ ಅಕ್ಟೋಬರ್ 29, ಶುಕ್ರವಾರ. ಅಪ್ಪು ತೀರಿಕೊಂಡ ದಿನ. ಅವರಿಗೆ 46 ವರ್ಷ. ನನ್ನ ಫೋನಿಗೆ ಬಂದದ್ದು ನೆನಪಿದೆ. ಹೌದಂತೆ, ಇಲ್ಲವಂತೆ, ಐಸಿಯುನಲ್ಲಿದ್ದಾರಂತೆ. ನೋವು ಪಡುವುದಕ್ಕೂ ಪುರುಸೊತ್ತು ಕೊಡದಷ್ಟು ಜಾಸ್ತಿ. ಜಿಮ್ ಮಾಡಿದ್ದಕ್ಕೇ ಹೀಗಾಯಿತು ಅಂತ ಯಾರ್ಯಾರೋ ವೈದ್ಯರಂತೆ ಮಾತಾಡಿದರು. ಮುಂದಿನ ದಿನಗಳಲ್ಲಿ ಹೃದಯ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಜನ ಸಾಲು ನಿಂತರು. ಅವರು ಕಣ್ಣು ದಾನ ಮಾಡಿದ ಸುದ್ದಿಯೂ ಇದೇ ಫೋನಿನಲ್ಲಿ ಹರಡಿತು. ಅದನ್ನು ನೋಡಿ ಎಷ್ಟೋ ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಒಂದೇ ದಾರಿಯಲ್ಲಿ ಎರಡೂ ಬಂದವು.

ತಂದೆಯ 108 ದಿನ, ಮಗ ತೀರಿಕೊಂಡ ದಿನದಿಂದ ಅಂತ್ಯಸಂಸ್ಕಾರದವರೆಗಿನ ಮೂರು ದಿನ. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡುವುದೇ ನನ್ನ ಪ್ರಾಜೆಕ್ಟ್.

ಈ ವಿಷಯ ಹಿಡಿಯಲು ಇನ್ನೊಂದು ಕಾರಣ ಇದೆ. ಎರಡು ಮಳೆಗಾಲದ ಹಿಂದಿನ ಮಾತು. ಹಿರಿಯ ನಟರೊಬ್ಬರು ಹೋದರು ಅಂತ ಒಂದು ವಿಡಿಯೊ ಬಂತು. ಫೋಟೊಗೆ ಹಾರ, ಪಕ್ಕದಲ್ಲಿ ದೀಪ. ಅಜ್ಜಿಗೆ ತೋರಿಸಿದ್ದು ನಾನೇ. ಅಜ್ಜಿ ಆ ರಾತ್ರಿ ಊಟ ಮಾಡಲಿಲ್ಲ. ಗಾಳಿ ಮಳೆಗೆ ಕರೆಂಟ್ ಹೋಯಿತು, ನೆಟ್‌ವರ್ಕೂ ಹೋಯಿತು. ಬೆಳಿಗ್ಗೆ ಬಸ್ ತಡವಾಗಿ ಬಂತು. ಪೇಪರ್ ಒದ್ದೆ. ಒಲೆಯ ಹತ್ತಿರ ಹಿಡಿದು ಒಣಗಿಸಿ ಒಂದೊಂದೇ ಪುಟ ಓದಿಸಿದರು. ಎಲ್ಲೂ ಇಲ್ಲ. "ಪೇಪರಲ್ಲಿ ಇಲ್ಲ ಅಂದ್ಮೇಲೆ ಇದ್ದಾರೆ ಕಣೇ" ಅಂದರು. ಆಮೇಲೆ ಕಾಫಿ ಕುಡಿದರು.

ನೆಟ್‌ವರ್ಕ್ ಬಂದ ಮೇಲೆ ಗುಡ್ಡ ಹತ್ತಿ ಆ ವಿಡಿಯೊ ಹುಡುಕಿದೆ. ಇನ್ನೂ ಇತ್ತು. ಮಾಡಿದವರ ಹೆಸರಿಲ್ಲ, ಊರಿಲ್ಲ, ಫೋನ್ ನಂಬರಿಲ್ಲ. ಮನೆಗೆ ಬಂದು ಪೇಪರನ್ನು ತಿರುಗಿಸಿದೆ. ಕೊನೆಯ ಪುಟದ ಕೆಳಗೆ ಒಂದು ಸಣ್ಣಕ್ಷರದ ಸಾಲು ಇರುತ್ತದಲ್ಲ, ಅದನ್ನು ಅವತ್ತೇ ಮೊದಲು ಓದಿದ್ದು. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯಿತು. 1867ರ ಕಾನೂನು ತಂದ ಸಾಲು ಅದು. ಬ್ರಿಟಿಷರು ಅದನ್ನು ತಂದದ್ದು ಪತ್ರಿಕೆಗಳ ಮೇಲೆ ಕಣ್ಣಿಡಲಿಕ್ಕೆ. ಇವತ್ತು ಅದೇ ಸಾಲು ಓದುಗನ ಕೈಗೆ ಒಂದು ವಿಳಾಸ ಕೊಡುತ್ತದೆ. ಪೇಪರಿನಲ್ಲೂ ತಪ್ಪು ಬರುತ್ತದೆ, ಬೇಕಾದಷ್ಟು ಬರುತ್ತದೆ. ಆದರೆ ಸಂಪಾದಕರಿಗೆ ಪತ್ರ ಬರೆಯಬಹುದು. ಸರಿಪಡಿಸದಿದ್ದರೆ ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು. ಕೌನ್ಸಿಲ್ ದಂಡ ಹಾಕಲಾರದು, ಛೀಮಾರಿ ಹಾಕಬಹುದು.

ಫೋನನ್ನು ಅಳೆಯುವುದು ಕಷ್ಟ. ಅಲ್ಲಿ ಕಾಲಂ ಇಲ್ಲ, ಕೊನೆಯ ಪುಟವೂ ಇಲ್ಲ. ಇನ್‌ಸ್ಟಾಗ್ರಾಂ ಸ್ಟೋರಿ 24 ಗಂಟೆಯಲ್ಲಿ ಮಾಯ. ನನಗೆ ಬಂದದ್ದು ನನ್ನ ರೂಮ್‌ಮೇಟ್‌ಗೆ ಬರುವುದಿಲ್ಲ. ಹಾಗಾಗಿ ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ, ಸಮಯ, ಯಾರ ಫೋನು ಎಲ್ಲ ಬರೆಯುತ್ತೇನೆ. ಇನ್ನೊಂದು ಖಾನೆ ದುಡ್ಡಿನದು. ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯಲ್ಲಿ ಹುಟ್ಟಿದ ಲಂಕೇಶ್ 1980ರಲ್ಲಿ ಶುರು ಮಾಡಿದ ವಾರಪತ್ರಿಕೆ ಜಾಹೀರಾತೇ ಇಲ್ಲದೆ ನಡೆಯಿತು. ಓದುಗರು ಕೊಟ್ಟ ದುಡ್ಡೇ ದುಡ್ಡು. ಈಗ ತಾರೆಯರ ಪೇಜಿನಲ್ಲಿ ಸೋಪು, ಸೀರೆ, ರೆಸಾರ್ಟ್ ಎಲ್ಲ ಸ್ವಂತ ಮಾತಿನ ಹಾಗೆ ಬರುತ್ತವೆ. ದುಡ್ಡು ಪಡೆದಿದ್ದರೆ, ಉಡುಗೊರೆ ಪಡೆದಿದ್ದರೂ, ಅದನ್ನು ಹೇಳಲೇಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಸೂಚನೆ ಕೊಟ್ಟಿದೆ. ಯಾವ ಭಾಷೆಯಲ್ಲಿ ಹೊಗಳುತ್ತಾರೋ ಅದೇ ಭಾಷೆಯಲ್ಲಿ ಹೇಳಬೇಕು. ನಾನು ನೋಡಿದ ಕನ್ನಡ ರೀಲ್‌ಗಳಲ್ಲಿ ಅದು ಇದ್ದರೂ ಇಂಗ್ಲಿಷಿನಲ್ಲಿ, ಮೂಲೆಯಲ್ಲಿತ್ತು. ಅಜ್ಜಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

ಈಗ ಕೇಳುಗರಲ್ಲಿ ಒಂದು ವಿನಂತಿ. 2000ದ ಜುಲೈನಿಂದ ನವೆಂಬರ್‌ವರೆಗಿನ ಕನ್ನಡ ಪತ್ರಿಕೆಗಳು ನಿಮ್ಮ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ, ಕಪಾಟಿನ ಕೆಳಗೆ ಹಾಸಿದ ಕಾಗದದಲ್ಲಿ ಇರಬಹುದು. ಜಿಲ್ಲಾ ಪುಟ ಇದ್ದರಂತೂ ಇನ್ನೂ ಒಳ್ಳೆಯದು. ದಯವಿಟ್ಟು ರದ್ದಿಗೆ ಹಾಕಬೇಡಿ. ನಿಮ್ಮೂರಿನ ಗ್ರಂಥಾಲಯಕ್ಕೆ ಕೊಡಿ. ಗೆದ್ದಲು ತಿಂದಿದ್ದರೂ ಪರವಾಗಿಲ್ಲ, ಉಳಿದಷ್ಟನ್ನು ಅಳೆಯುತ್ತೇನೆ.

ನಮಸ್ಕಾರ.