ನಾಲ್ಕು ಹವ್ಯಾಸ, ಒಂದು ಒಣಗಿದ ಪೆನ್ನು

ನಮಸ್ಕಾರ. ಕ್ಯಾಮೆರಾ ಮೇಲಿಂದ ಇಟ್ಟಿರೋದ್ರಿಂದ ಇವತ್ತು ಮೇಜು, ಕೈ ಅಷ್ಟೇ ಕಾಣತ್ತೆ. ಕೊಳಲು, ಶಾಯಿ ಪೆನ್ನು, ಹಳಗನ್ನಡ ಪದಗಳ ಕಾರ್ಡ್ ಇರೋ ಫೋನು. ಸೈಕಲ್ ಗೋಡೆಗೆ ಒರಗಿದೆ, ಫ್ರೇಮಿಗೆ ಬಂದಿಲ್ಲ.

"ಒಂದನ್ನೇ ಹಿಡ್ಕೊಳ್ಳಿ, ಹತ್ತಕ್ಕೆ ಕೈ ಹಾಕಿದ್ರೆ ಒಂದೂ ಹತ್ತಲ್ಲ" ಅಂತ ಹೇಳೋರು ಬೇಕಾದಷ್ಟು ಜನ. ನಾನು ಒಪ್ಪಲ್ಲ. ಶಿವರಾಮ ಕಾರಂತರು ಕಾದಂಬರಿ ಬರೀತಾನೇ ಯಕ್ಷಗಾನದಲ್ಲಿ ಪ್ರಯೋಗ ಮಾಡಿದ್ರು, ಮಕ್ಕಳಿಗೆ ವಿಶ್ವಕೋಶ ಮಾಡ್ಕೊಟ್ರು, ಪರಿಸರದ ಹೋರಾಟಕ್ಕೂ ಇಳಿದ್ರು. ಹವ್ಯಾಸ ಕೈಬಿಟ್ಟು ಹೋಗೋದು ಎಲ್ಲಿ ಗೊತ್ತಾ? ಹದಿನೈದು ದಿನ ಬಿಟ್ಟದ್ದನ್ನ ಮತ್ತೆ ಎತ್ಕೊಳ್ಳೋ ಹೊತ್ತಲ್ಲಿ.

ಈ ಪೆನ್ನನ್ನೇ ನೋಡಿ, ಸ್ವಲ್ಪ ಹತ್ತಿರ ತರ್ತೀನಿ. ನಿಬ್ಬಿನ ಸೀಳಲ್ಲಿ ಕಪ್ಪಗೆ ಕಟ್ಟಿಕೊಂಡಿದೆಯಲ್ಲ, ಅದು ನೀಲಿ ಶಾಯಿ. ನೀರು ಆರಿ ಬಣ್ಣ ಮಾತ್ರ ಉಳಿದಿದೆ. ಇದನ್ನ ನೋಡಿದ ತಕ್ಷಣ ಕೈ ಬಿಸಿನೀರಿಗೆ ಹೋಗತ್ತೆ. ದಯವಿಟ್ಟು ಬೇಡ. ನಿಬ್ಬಿನ ಕೆಳಗಿರೋ, ಶಾಯಿ ಹರಿಸೋ ಫೀಡ್ ಬಿಸಿಗೆ ಸೊಟ್ಟಗಾಗಬಹುದು, ಎಬೊನೈಟ್ ಅಂದ್ರೆ ಗಟ್ಟಿ ರಬ್ಬರಿನ ಪೆನ್ನಾದ್ರೆ ಬಣ್ಣವೂ ಹೋಗತ್ತೆ. ತಣ್ಣೀರೇ ಸಾಕು. ಶಾಯಿ ತುಂಬೋ ಕೊಳವೆ, ಅಂದ್ರೆ ಕನ್ವರ್ಟರ್ ಬಿಚ್ಚಿ, ನಿಬ್ಬಿನ ಭಾಗ ಮುಳುಗೋ ಹಾಗೆ ಲೋಟದಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರು ಬದಲಾಯಿಸಿ, ಹಿಂದಿನಿಂದ ಸಿರಿಂಜಲ್ಲಿ ನೀರು ತಳ್ಳಿ. ಮೆಡಿಕಲ್ ಶಾಪಿನ 5 ಎಂಎಲ್ ಸಿರಿಂಜು ಸಾಕು, ಸೂಜಿ ಬೇಡ. ಒಂದೇ ಸಲ ಜೋರಾಗಿ ತಳ್ಳಬೇಡಿ, ಕಟ್ಟಿಕೊಂಡಿದ್ರೆ ಒತ್ತಡಕ್ಕೆ ನಿಬ್ಬೇ ಜಾರಿ ಬರಬಹುದು. ಆಗಲೂ ಬಿಡದಿದ್ರೆ, ಒಂದು ಲೋಟ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಹನಿ. ಆಮೇಲೆ ಸೋಪು ಪೂರ್ತಿ ಹೋಗೋವರೆಗೂ ತೊಳೀಬೇಕು. ಒಳಗೆ ಉಳಿದ್ರೆ ಅಕ್ಷರ ಕಾಗದದ ಮೇಲೆ ಹರಡತ್ತೆ.

ಇನ್ನೊಂದು, ಇದಕ್ಕೆ ನನಗೆ ನಿಜವಾಗ್ಲೂ ಸಿಟ್ಟು ಬರತ್ತೆ. ಅಂಗಡಿಯಲ್ಲಿ ಪೆನ್ನಿನ ಶಾಯಿ ಪಕ್ಕದಲ್ಲೇ ಡ್ರಾಯಿಂಗ್ ಇಂಕ್ ಇಟ್ಟಿರ್ತಾರೆ, ಬಾಟಲಿ ಹೆಚ್ಚುಕಮ್ಮಿ ಒಂದೇ ಥರ. ಇಂಡಿಯನ್ ಇಂಕ್ ಅನ್ನೋ ಡ್ರಾಯಿಂಗ್ ಇಂಕಲ್ಲಿ ಸಾಮಾನ್ಯವಾಗಿ ಅರಗು ಇರತ್ತೆ. ಪೆನ್ನೊಳಗೆ ಒಣಗಿದ್ರೆ ನೀರಿಗೆ ಕರಗೋದೇ ಇಲ್ಲ, ಪೆನ್ನಿನ ಕತೆ ಅಲ್ಲಿಗೆ ಮುಗೀತು. ಬಾಟಲಿ ಮೇಲೆ ಫೌಂಟನ್ ಪೆನ್ ಅಂತ ಬರೆದಿದ್ರೆ ಮಾತ್ರ ತಗೊಳ್ಳಿ.

ಹಾಂ, ಒಂದೇ ಹೊತ್ತಿಗೆ ಎರಡಕ್ಕಿಂತ ಜಾಸ್ತಿ ಪೆನ್ನಿಗೆ ಶಾಯಿ ತುಂಬಬೇಡಿ. ಸರಿ, ಮೂರು. ಮೂರನೇದು ದಿನಾ ಸಹಿ ಹಾಕೋದಾದ್ರೆ. ಬರೆಯೋದಿಲ್ಲ ಅಂತ ಗೊತ್ತಾದ ದಿನವೇ ಖಾಲಿ ಮಾಡಿ ತೊಳೆದಿಟ್ರೆ ಐದು ನಿಮಿಷದ ಕೆಲಸ. ಬಿಟ್ರೆ ಎರಡು ದಿನ.

ಕೊಳಲು. ಬಿದಿರು ಒಣಗಿದ್ರೆ ಸೀಳತ್ತೆ, ಫ್ಯಾನ್ ಗಾಳಿಗೆ, ಬಿಸಿಲಲ್ಲಿ ನಿಂತ ಕಾರಲ್ಲಿ ಇನ್ನೂ ಬೇಗ. ತಿಂಗಳಿಗೊಂದ್ಸಲ ಕಡ್ಡಿಗೆ ಬಟ್ಟೆ ಸುತ್ತಿ ಒಳಗೆ ತೆಳ್ಳಗೆ ಸಾಸಿವೆ ಎಣ್ಣೆ ಸವರಿ, ಬೆಳಿಗ್ಗೆ ಒರೆಸಿಬಿಡಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಲ್ಲೇ ಗಟ್ಟಿಯಾಗತ್ತೆ, ಡಿಸೆಂಬರ್‌ನಲ್ಲಿ ಒಳಗೇ ಹೆಪ್ಪುಗಟ್ಟತ್ತೆ. ಚಳಿಯಲ್ಲಿ ಶ್ರುತಿಯೂ ಕೆಳಗಿರತ್ತೆ. ಹತ್ತು ನಿಮಿಷ ಬರೀ ಸ-ಪ-ಸ ಊದಿ, ಉಸಿರಿಗೆ ಬೆಚ್ಚಗಾದ್ಮೇಲೆ ತಂಬೂರಿ ಆ್ಯಪ್ ಹಾಕಿ. ಅದಕ್ಕೇ 25 ನಿಮಿಷ ಕೆಲಸ, ಆಮೇಲೆ ಚಿಕ್ಕ ವಿರಾಮ ಅನ್ನೋ ಪೊಮೊಡೊರೊ ಟೈಮರ್ ಕೊಳಲಿಗೆ ದಂಡ, ಬೆಚ್ಚಗಾಗೋದಕ್ಕೇ ಹತ್ತು ನಿಮಿಷ ಹೋಗತ್ತೆ. ಮುಕ್ಕಾಲು ಗಂಟೆ ಇಲ್ದಿದ್ರೆ ಎತ್ಕೊಳ್ಳಬೇಡಿ. ಇಲ್ಲ, ತಪ್ಪು ಹೇಳ್ದೆ, ಹತ್ತೇ ನಿಮಿಷ ಇದ್ರೂ ಎತ್ಕೊಳ್ಳಿ. ಸ-ಪ-ಸ ಊದಿದ್ರೂ ತುಟಿಯ ಹಿಡಿತ ಉಳಿಯತ್ತೆ. ಸೈಕಲ್ಲಿಗೂ ಅಷ್ಟೇ, ಮಳೆಯಲ್ಲಿ ಬಂದ ದಿನವೇ ಚೈನ್ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಮೇಲೆ ಉಳಿದದ್ದನ್ನ ಒರೆಸಿ. ಉಳಿಸಿದ್ರೆ ಧೂಳು ಅಂಟತ್ತೆ.

ಟೈಮರ್ ಚೆನ್ನಾಗಿ ಒದಗೋದು ಕಾರ್ಡಿಗೆ. ಪದಗಳ ಕಾರ್ಡನ್ನ ಮತ್ತೆ ಮತ್ತೆ ತೋರಿಸಿ ನೆನಪಿಡಿಸೋ ಆಂಕಿ ಆ್ಯಪಲ್ಲಿ ದಿನಕ್ಕೆ 20 ಹೊಸ ಕಾರ್ಡ್ ಅಂತ ಮೊದಲೇ ಇರತ್ತೆ, 5ಕ್ಕೆ ಇಳಿಸಿ. 20 ಇಟ್ರೆ ಕೆಲವೇ ವಾರದಲ್ಲಿ ದಿನದ ಪುನರಾವರ್ತನೆ ನೂರು ದಾಟತ್ತೆ. ಒಂದು ವಾರ ಬಿಟ್ರೆ ನೂರಾರು ಕಾರ್ಡ್ ಕಾಯ್ತಾ ಇರತ್ತೆ, ಆ ಸಂಖ್ಯೆ ನೋಡೇ ಆ್ಯಪ್ ಡಿಲೀಟ್ ಮಾಡ್ತಾರೆ. ಬಾಕಿ ಬಿದ್ದಿದ್ರೆ ಹೊಸದನ್ನ ಸೊನ್ನೆ ಮಾಡಿ, ದಿನಕ್ಕೆ ಮೂವತ್ತರ ಹಾಗೆ ತೀರಿಸಿ. ಈಗ ತೆರೆಯಲ್ಲಿ ಬಂತಲ್ಲ, ಕೊೞಲ್. ಇದೇ ಕೊಳಲು! ಈ ೞ ಅಕ್ಷರ ಕನ್ನಡದಲ್ಲಿ ಳ ಜೊತೆ ಸೇರಿಹೋಯ್ತು, ತಮಿಳಲ್ಲಿ ಕುೞಲ್ ಅಂತ ಇನ್ನೂ ಉಳಿದಿದೆ. ಒಂದು ಹವ್ಯಾಸ ಇನ್ನೊಂದಕ್ಕೆ ಹೀಗೆ ತಾಗಿದಾಗ ಆಗೋ ಖುಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ...

ಅಯ್ಯೋ, ಪೆನ್ನು. ಮಾತಿನ ಮಧ್ಯೆ ನೀರು ತಳ್ಳಿ, ನಿಬ್ಬಿಗೆ ಟಿಶ್ಯೂ ಸುತ್ತಿ ತಲೆಕೆಳಗೆ ನಿಲ್ಲಿಸಿದ್ದೆ. ಇಲ್ಲಿ ನೋಡಿ, ಅಂಚಲ್ಲಿ ತಿಳಿನೀಲಿ ಬಳೆ ಥರ ಇದೆ. ಅಂದ್ರೆ ಫೀಡಲ್ಲಿ ಇನ್ನೂ ಶಾಯಿ ಇದೆ. ಇವತ್ತು ರಾತ್ರಿ ಲೋಟದಲ್ಲೇ.