ತಾತನಿಗೆ ಗುಂಡು ತಗಲುವುದಿಲ್ಲ

ಕೇಳುಗರಿಗೆ ನಮಸ್ಕಾರ.

ಕಾಲದಲ್ಲಿ ಹಿಂದಕ್ಕೆ ಹೋಗುವ ಮಾತು ಎತ್ತಿದರೆ ಸಾಕು, ಯಾರಾದರೂ ಒಬ್ಬರು ತಾತನ ವಿಷಯ ತೆಗೆದೇ ತೆಗೆಯುತ್ತಾರೆ. "ನಾನು ಹಿಂದಕ್ಕೆ ಹೋಗಿ, ಮದುವೆಯಾಗುವ ಮೊದಲೇ ನಮ್ಮ ತಾತನನ್ನು ಕೊಂದುಬಿಟ್ಟರೆ? ಆಗ ನಮ್ಮಪ್ಪ ಹುಟ್ಟುವುದಿಲ್ಲ. ಅಪ್ಪ ಹುಟ್ಟದಿದ್ದರೆ ನಾನೂ ಇಲ್ಲ. ನಾನೇ ಇಲ್ಲದಿದ್ದರೆ ತಾತನನ್ನು ಕೊಂದವರು ಯಾರು?" ಇಷ್ಟು ಕೇಳಿದರೆ ಕಾಲಯಾನದ ಕಥೆ ಮುಗಿಯಿತು, ಅದು ಅಸಾಧ್ಯ ಅಂತ ಸಾಬೀತಾಯಿತು ಅಂತ ಬಹಳ ಜನ ತಿಳಿದಿದ್ದಾರೆ.

ಸಾಬೀತಾಗಲಿಲ್ಲ. ಈ ಹೊತ್ತಿನಲ್ಲಿ ನಿಮ್ಮಲ್ಲಿ ಕೆಲವರು ಅಡುಗೆಮನೆಯಲ್ಲಿ ಇರಬಹುದು, ಕೆಲವರು ಅಂಗಡಿಯಲ್ಲಿ ಇರಬಹುದು, ಪರೀಕ್ಷೆಗೆ ಓದುತ್ತಾ ಕಿವಿ ಮಾತ್ರ ಇತ್ತ ಕೊಟ್ಟ ಮಕ್ಕಳೂ ಇರಬಹುದು. ನಿಮಗೆಲ್ಲ ನಾನು ಹೇಳಬೇಕಾಗಿರುವುದು ಒಂದೇ ಒಂದು ಮಾತು. ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ನಡೆದದ್ದು ಒಂದೇ ಸಲ ನಡೆಯುತ್ತದೆ. ಇಸವಿ 1921 ಅಂದರೆ ಒಂದೇ 1921. ನೀವಿಲ್ಲದ 1921 ಒಂದು, ನೀವು ಹೋಗಿ ತಿದ್ದಿಬಂದ 1921 ಇನ್ನೊಂದು, ಹೀಗೆ ಎರಡಿಲ್ಲ. ನೀವು ಮುಂದೆ ಎಂದಾದರೂ ಅಲ್ಲಿಗೆ ಹೋಗುವುದು ನಿಜವಾದರೆ, ಆ ವರ್ಷ ನೀವು ಅಲ್ಲಿ ಇದ್ದೇ ಇದ್ದಿರಿ.

ಮೊದಲು ಸುಲಭದ್ದನ್ನು ಮುಗಿಸಿಬಿಡೋಣ. ಕಾಲದಲ್ಲಿ ಮುಂದಕ್ಕೆ ಹೋಗುವುದರಲ್ಲಿ ಯಾವ ಗೋಜಲೂ ಇಲ್ಲ. ನಮ್ಮ ಪುರಾಣದ ಕಕುದ್ಮಿ ರಾಜನ ಕಥೆ ಗೊತ್ತಲ್ವಾ? ಮಗಳು ರೇವತಿಗೆ ಗಂಡು ಯಾರು ಅಂತ ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಸಂಗೀತ ನಡೆಯುತ್ತಿರುತ್ತದೆ. ಮುಗಿಯುವವರೆಗೆ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗ ಕಳೆದುಹೋಗಿರುತ್ತದೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ಗಂಡುಗಳೂ ಇಲ್ಲ, ಅವರ ಮೊಮ್ಮಕ್ಕಳೂ ಇಲ್ಲ. ಕೊನೆಗೆ ರೇವತಿಗೆ ಬಲರಾಮನ ಜೊತೆ ಮದುವೆಯಾಗುತ್ತದೆ. ದುಃಖದ ಕಥೆ ಅನ್ನಿ, ವಿಚಿತ್ರ ಅನ್ನಿ, ಆದರೆ ಅದರಲ್ಲಿ ತರ್ಕದ ತಪ್ಪು ಏನೂ ಇಲ್ಲ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಬಹಳ ನಿಖರವಾದ ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿ ಭೂಮಿ ಸುತ್ತಿಸಿದರು. ಪೂರ್ವಕ್ಕೆ ಹೋದ ಗಡಿಯಾರಗಳು ನೆಲದ ಮೇಲಿದ್ದವಕ್ಕಿಂತ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಸುಮಾರು 59 ಪಾಲಿನಷ್ಟು ಹಿಂದೆ ಬಿದ್ದಿದ್ದವು. ಅಂದರೆ ಅಷ್ಟರಮಟ್ಟಿಗೆ ಅವು ಮುಂದಿನ ಕಾಲಕ್ಕೆ ಬೇಗ ಬಂದು ಇಳಿದಿದ್ದವು. ಕಷ್ಟ ಇರುವುದು ಹಿಂದಕ್ಕೆ ಹೋಗುವುದರಲ್ಲಿ.

ಹಿಂದಕ್ಕೆ ಹೋಗುವ ದಾರಿಯನ್ನು ಗಣಿತದಲ್ಲಿ ತೋರಿಸಿಕೊಟ್ಟವರಲ್ಲಿ ದೊಡ್ಡ ಹೆಸರು ಕುರ್ಟ್ ಗೋಡೆಲ್. ಪ್ರಿನ್ಸ್‌ಟನ್‌ನಲ್ಲಿ ಐನ್‌ಸ್ಟೈನ್ ಜೊತೆ ದಿನಾ ಮಾತಾಡುತ್ತಾ ಮನೆಗೆ ನಡೆದುಹೋಗುತ್ತಿದ್ದ ತರ್ಕಶಾಸ್ತ್ರಜ್ಞ. 1949ರಲ್ಲಿ ಐನ್‌ಸ್ಟೈನ್‌ಗೆ ಎಪ್ಪತ್ತು ತುಂಬಿತು. ಆ ವರ್ಷವೇ ಗೋಡೆಲ್, ಐನ್‌ಸ್ಟೈನ್ ಸಮೀಕರಣಗಳಿಂದಲೇ ಒಂದು ತಿರುಗುವ ವಿಶ್ವವನ್ನು ಹೊರತೆಗೆದು ತೋರಿಸಿದರು. ಆ ವಿಶ್ವದಲ್ಲಿ ನೀವು ಸದಾ ಮುಂದಕ್ಕೇ ಪ್ರಯಾಣ ಮಾಡುತ್ತಾ, ದೊಡ್ಡ ಸುತ್ತು ಹಾಕಿ, ನಿಮ್ಮ ನಿನ್ನೆಗೇ ಬಂದು ಸೇರಬಹುದು. ನಮ್ಮ ವಿಶ್ವ ಹಾಗೆ ತಿರುಗುತ್ತಿಲ್ಲ. ಆದರೆ ಸಮೀಕರಣಗಳು ಅದನ್ನು ತಡೆಯಲಿಲ್ಲ ಎನ್ನುವುದೇ ಮುಖ್ಯ.

ಹಾಗಾದರೆ ತಾತನ ಗತಿ? ಇದಕ್ಕೆ ನನಗೆ ಬಹಳ ಹಿಡಿಸಿದ ಉತ್ತರ ಕೊಟ್ಟವರು ಅಮೆರಿಕದ ತತ್ವಜ್ಞಾನಿ ಡೇವಿಡ್ ಲೂಯಿಸ್, 1976ರಲ್ಲಿ. ಅವರ ಉದಾಹರಣೆಯಲ್ಲಿ ಟಿಮ್ ಅಂತ ಒಬ್ಬ ಹುಡುಗ. ಅವನಿಗೆ ತಾತನನ್ನು ಕಂಡರಾಗದು. ತಾತ 1957ರಲ್ಲಿ ಹಾಸಿಗೆಯಲ್ಲಿ ಮಲಗಿ ಪ್ರಾಣ ಬಿಟ್ಟವರು. ಟಿಮ್ ಕಾಲಯಂತ್ರ ಕಟ್ಟಿ 1920ಕ್ಕೆ ಹೋಗುತ್ತಾನೆ. ಬಂದೂಕು ಕೊಳ್ಳುತ್ತಾನೆ, ಗುರಿ ಹಿಡಿಯುವುದನ್ನು ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಾನೆ. ತಾತ ದಿನಾ ಓಡಾಡುವ ದಾರಿಯಲ್ಲಿ ಬಾಡಿಗೆಗೆ ಕೋಣೆ ಹಿಡಿಯುತ್ತಾನೆ. 1921ರ ಒಂದು ದಿನ ಗುರಿಯಿಟ್ಟು ಕೂತಿದ್ದಾನೆ. ಬಂದೂಕಿದೆ, ಕೈ ಪಳಗಿದೆ, ದೂರ ಜಾಸ್ತಿ ಇಲ್ಲ. ಅವನು ಕೊಲ್ಲಬಲ್ಲನೇ?

ಲೂಯಿಸ್ ಹೇಳುವುದು, ಒಂದು ಅರ್ಥದಲ್ಲಿ ಬಲ್ಲ. ಬೇಕಾದ್ದೆಲ್ಲ ಅವನ ಹತ್ತಿರ ಇದೆ. ಆದರೆ ಅವನು ಕೊಲ್ಲುವುದಿಲ್ಲ, ಯಾಕೆಂದರೆ ಕೊಲ್ಲಲಿಲ್ಲ. ತಾತ 1957ರವರೆಗೆ ಬದುಕಿದ್ದರು. ಕೈ ನಡುಗಿರಬಹುದು. ಏನೋ ಸದ್ದಾಗಿ ಗಮನ ತಪ್ಪಿರಬಹುದು. ಕೊನೇ ಗಳಿಗೆಯಲ್ಲಿ ಕರುಣೆ ಬಂದಿರಬಹುದು. ಮನುಷ್ಯರು ಸೋಲುವುದಕ್ಕೆ ಇರುವ ಮಾಮೂಲಿ ಕಾರಣಗಳೇ ಸಾಕು. "ಅವನನ್ನು ತಡೆಯುವ ಶಕ್ತಿ ಯಾವುದು?" ಅಂತ ಕೇಳುವವರಿದ್ದಾರೆ. ದಯವಿಟ್ಟು ಆ ಪ್ರಶ್ನೆಯನ್ನು ಬಿಡಿ. ಯಾವ ಶಕ್ತಿಯೂ ಬೇಡ, ಕಾವಲುಗಾರನೂ ಬೇಡ. ಕಳೆದ ಚುನಾವಣೆಯಲ್ಲಿ ಸೋತವರು ಕಳೆದ ಚುನಾವಣೆಯಲ್ಲಿ ಗೆಲ್ಲದ ಹಾಗೆ ತಡೆಯುತ್ತಿರುವ ಶಕ್ತಿ ಯಾವುದು ಅಂತ ನೀವು ಕೇಳುತ್ತೀರಾ? ನಡೆದದ್ದು ಒಂದೇ ಸಲ ನಡೆಯುತ್ತದೆ. ಅಷ್ಟೇ.

ಸಿನಿಮಾಗಳು ಇದನ್ನು ತುಂಬಾ ಕೆಡಿಸಿವೆ. ನಾಯಕ ಹಿಂದಕ್ಕೆ ಹೋಗಿ ಏನೋ ಒಂದನ್ನು ಬದಲಿಸುತ್ತಾನೆ, ತಕ್ಷಣ ಇತ್ತ ಎಲ್ಲವೂ ಬೇರೆಯಾಗಿಬಿಡುತ್ತದೆ. ತಕ್ಷಣ ಅಂದರೆ ಯಾವಾಗ? ಯಾವ ಗಡಿಯಾರದ ಪ್ರಕಾರ? 1921ರಲ್ಲಿ ಆದ ಬದಲಾವಣೆ ನಮಗೆ ಬಂದು ಮುಟ್ಟಲು ಈ ಮಧ್ಯಾಹ್ನದವರೆಗೆ ಎಲ್ಲಿ ಕಾಯುತ್ತಿತ್ತು? ಹೀಗೆ ಕೇಳಿಕೊಂಡರೆ ಆ ಕಥೆ ಅಲ್ಲೇ ಕುಸಿಯುತ್ತದೆ.

"ಇದೆಲ್ಲ ಮಾತಿನ ಜಾಣತನ, ಲೆಕ್ಕ ಹಾಕಿ ತೋರಿಸಿ" ಅನ್ನುತ್ತೀರಾ? ಲೆಕ್ಕ ಹಾಕಿದವರಿದ್ದಾರೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ನನಗೆ ಇದಕ್ಕಿಂತ ಇಷ್ಟವಾದ ಪ್ರಸಂಗ ಈ ವಿಷಯದಲ್ಲಿ ಇನ್ನೊಂದಿಲ್ಲ.

1985ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಒಂದು ಕಾದಂಬರಿ ಬರೆಯುತ್ತಿದ್ದರು. ನಾಯಕಿ ದೂರದ ನಕ್ಷತ್ರಕ್ಕೆ ಬೇಗ ಹೋಗಬೇಕಿತ್ತು. ವಿಜ್ಞಾನಕ್ಕೆ ಒಪ್ಪುವ ದಾರಿ ಹೇಳು ಅಂತ ಗೆಳೆಯ ಕಿಪ್ ಥಾರ್ನ್‌ರನ್ನು ಕೇಳಿದರು. ಥಾರ್ನ್ ಅಮೆರಿಕದ ಕ್ಯಾಲ್ಟೆಕ್ ವಿದ್ಯಾಸಂಸ್ಥೆಯ ಭೌತವಿಜ್ಞಾನಿ. ವರ್ಮ್‌ಹೋಲ್ ಬಳಸು ಅಂದರು. ಅಂದರೆ ಎರಡು ಬಾಯಿಗಳಿರುವ ಸುರಂಗ. ಈ ಬಾಯಲ್ಲಿ ಹೊಕ್ಕರೆ ಆ ಬಾಯಲ್ಲಿ ಹೊರಗೆ. ಕಾದಂಬರಿಯ ಕೆಲಸ ಮುಗಿಯಿತು. ಆದರೆ ಥಾರ್ನ್ ತಲೆಯಲ್ಲಿ ಹುಳ ಹೊಕ್ಕಿತ್ತು. ಒಂದು ಬಾಯನ್ನು ಬೆಳಕಿನ ವೇಗದ ಹತ್ತಿರಹತ್ತಿರದಲ್ಲಿ ಓಡಿಸಿ ವಾಪಸು ತಂದರೆ, ಆ ವಿಮಾನದ ಗಡಿಯಾರಗಳ ಹಾಗೆ, ಅದರ ಕಾಲ ಹಿಂದೆ ಬೀಳುತ್ತದೆ. ಆಗ ಒಂದು ಬಾಯಲ್ಲಿ ಹೊಕ್ಕವರು ಇನ್ನೊಂದರಲ್ಲಿ ಹೊರಬರುವುದು ಹೊಕ್ಕುವುದಕ್ಕಿಂತ ಮೊದಲು! 1988ರಲ್ಲಿ ಥಾರ್ನ್, ಅವರ ವಿದ್ಯಾರ್ಥಿಗಳಾದ ಮಾರಿಸ್ ಮತ್ತು ಯುರ್ಟ್‌ಸೆವರ್ ಸೇರಿ ಇದನ್ನು ಪ್ರಕಟಿಸಿದರು.

ಜೋ ಪೋಲ್ಚಿನ್‌ಸ್ಕಿ ಎಂಬ ಭೌತವಿಜ್ಞಾನಿ ಇದಕ್ಕೊಂದು ಆಕ್ಷೇಪ ಬರೆದು ಕಳಿಸಿದರು. ಅವರು ತಾತನನ್ನು ತರಲಿಲ್ಲ. ಮನುಷ್ಯ ಬಂದರೆ ಮನಸ್ಸು, ಇಚ್ಛೆ, ಕರುಣೆ ಎಲ್ಲ ಬರುತ್ತದೆ. ಅವರು ತಂದದ್ದು ಒಂದು ಬಿಲಿಯರ್ಡ್ಸ್ ಚೆಂಡು. ನಾವು ಅದನ್ನು ಕೇರಂ ಬೋರ್ಡಿನಲ್ಲಿ ನೋಡೋಣ, ನಮಗೆ ಅದು ಹತ್ತಿರ.

ಬೋರ್ಡಿನ ಬಲಗಡೆ ಪಾಕೆಟ್ಟು ಮತ್ತು ಎಡಗಡೆ ಪಾಕೆಟ್ಟು ವರ್ಮ್‌ಹೋಲಿನ ಎರಡು ಬಾಯಿ ಅಂದುಕೊಳ್ಳಿ. ಬಲಗಡೆ ಬಿದ್ದದ್ದು ಎಡಗಡೆಯಿಂದ ಹೊರಬರುತ್ತದೆ, ಅದೂ ಬಿದ್ದದ್ದಕ್ಕಿಂತ ಹತ್ತು ಸೆಕೆಂಡು ಮೊದಲು. ಈಗ ನೀವು ಸ್ಟ್ರೈಕರನ್ನು ಬಲ ಪಾಕೆಟ್ಟಿಗೆ ನೇರ ಹೊಡೆಯುತ್ತೀರಿ. ಅದು ಇನ್ನೂ ದಾರಿಯಲ್ಲಿರುವಾಗಲೇ, ಅದೇ ಸ್ಟ್ರೈಕರು, ಹತ್ತು ಸೆಕೆಂಡು ಜಾಸ್ತಿ ವಯಸ್ಸಾದದ್ದು, ಎಡ ಪಾಕೆಟ್ಟಿನಿಂದ ಹೊರಬಂದು ಇದಕ್ಕೆ ನಡುಮಧ್ಯೆ ಬಂದು ಬಡಿಯುತ್ತದೆ. ಇದು ದಾರಿ ತಪ್ಪುತ್ತದೆ. ಪಾಕೆಟ್ಟಿಗೆ ಬೀಳುವುದಿಲ್ಲ. ಬೀಳದಿದ್ದರೆ ಹೊರಬಂದು ಬಡಿದದ್ದು ಯಾವುದು? ತಾತನ ಪ್ರಶ್ನೆಯೇ, ತಾತ ಇಲ್ಲದೆ. ಇಲ್ಲಿ ಕೈ ನಡುಗಿತು, ಕರುಣೆ ಬಂತು ಅನ್ನುವ ಹಾಗಿಲ್ಲ.

ಥಾರ್ನ್ ಇದನ್ನು ಫರ್ನಾಂಡೊ ಎಚೆವೆರಿಯಾ, ಗುನ್ನಾರ್ ಕ್ಲಿಂಕ್‌ಹ್ಯಾಮರ್ ಎಂಬ ಇಬ್ಬರು ವಿದ್ಯಾರ್ಥಿಗಳಿಗೆ ಒಪ್ಪಿಸಿದರು. ಅವರು ಕಂಡುಕೊಂಡದ್ದನ್ನು ಗಮನವಿಟ್ಟು ಕೇಳಿ. ಸ್ಟ್ರೈಕರು ಎಡಗಡೆಯಿಂದ ನಾವು ಅಂದುಕೊಂಡ ಕೋನದಲ್ಲಿ ಬರುವುದಿಲ್ಲ. ಕೂದಲೆಳೆ ವಾರೆಯಾಗಿ ಬರುತ್ತದೆ. ಹಾಗಾಗಿ ನಡುಮಧ್ಯೆ ಬಡಿಯುವ ಬದಲು ಅಂಚಿಗೆ ಸವರಿಕೊಂಡು ಹೋಗುತ್ತದೆ. ಏಟು ತಿಂದ ಸ್ಟ್ರೈಕರು ಸ್ವಲ್ಪ ವಾಲುತ್ತದೆ, ಆದರೆ ಪಾಕೆಟ್ಟಿಗೆ ಬಿದ್ದೇ ಬೀಳುತ್ತದೆ, ಸ್ವಲ್ಪ ವಾರೆಯಾಗಿ. ವಾರೆಯಾಗಿ ಬಿದ್ದದ್ದು ಆ ಕಡೆ ವಾರೆಯಾಗಿ ಹೊರಬರುತ್ತದೆ. ವಾರೆಯಾಗಿ ಬಂದದ್ದಕ್ಕೇ ಅಂಚಿಗೆ ಸವರಿತು. ಲೆಕ್ಕ ಸರಿಹೋಯಿತು! ಎಲ್ಲಿಯೂ ವಿರೋಧ ಇಲ್ಲ.

ಮೊದಲು ಅಸಾಧ್ಯ ಅಂತ ಯಾಕೆ ಅನ್ನಿಸಿತು? ಅದರಲ್ಲೇ ಎಲ್ಲ ಇದೆ. ನಾವು ಸದ್ದಿಲ್ಲದೆ ಎರಡು ಆಟ ಆಡಿಸಿದ್ದೆವು. ಮೊದಲ ಆಟದಲ್ಲಿ ಏಟು ತಿನ್ನದ ಸ್ಟ್ರೈಕರು ನೆಟ್ಟಗೆ ಪಾಕೆಟ್ಟಿಗೆ ಬಿತ್ತು. ಎರಡನೇ ಆಟದಲ್ಲಿ ಅದು ಹೊರಬಂದು ಬಡಿಯಿತು. ಆದರೆ ಆಟ ಒಂದೇ. ಪಾಕೆಟ್ಟಿಗೆ ಬೀಳುವ ಸ್ಟ್ರೈಕರು ಆಗಲೇ ಏಟು ತಿಂದದ್ದು. ಏಟು ತಿನ್ನದ ಸ್ಟ್ರೈಕರು ಪಾಕೆಟ್ಟಿಗೆ ಬಿದ್ದ ಗಳಿಗೆ ಇರಲೇ ಇಲ್ಲ. ನಡೆದದ್ದು ಒಂದೇ ಸಲ ನಡೆಯುತ್ತದೆ ಅಂತ ನಾನು ಬಡಬಡಿಸುತ್ತಿರುವುದು ಇದಕ್ಕೇ!

ಇನ್ನೂ ಒಂದು ಸ್ವಾರಸ್ಯ ಇದೆ. ಥಾರ್ನ್ ಮತ್ತು ಆ ಇಬ್ಬರು 1991ರಲ್ಲಿ ಇದನ್ನು ಪ್ರಕಟಿಸಿದಾಗ, ಇಂಥ ಹೊಡೆತಕ್ಕೆ ಸರಿಹೊಂದುವ ಉತ್ತರ ಒಂದಲ್ಲ, ಎಣಿಸಲಾರದಷ್ಟು ಇವೆ ಅಂತ ತೋರಿಸಿದರು. ಒಂದೂ ಉತ್ತರ ಇಲ್ಲ ಎಂಬ ಭಯದಿಂದ ಶುರುವಾದದ್ದು, ಅಷ್ಟೊಂದು ಉತ್ತರಗಳಲ್ಲಿ ಪ್ರಕೃತಿ ಯಾವುದನ್ನು ಆರಿಸಿಕೊಳ್ಳುತ್ತದೆ ಎಂಬಲ್ಲಿಗೆ ಬಂದು ನಿಂತಿತು. ನನ್ನನ್ನು ಕೇಳಿದರೆ ನಿಜವಾದ ಒಗಟು ಅದು, ತಾತನದ್ದಲ್ಲ. ಕಾಲದಲ್ಲಿ ಹಿಂದಕ್ಕೆ ದಾರಿ ಇದ್ದರೆ, ತಮ್ಮೊಂದಿಗೆ ತಾವು ಹೊಂದುವ ಘಟನೆಗಳು ಮಾತ್ರ ನಡೆಯುತ್ತವೆ ಎಂಬುದನ್ನು ರಷ್ಯಾದ ಭೌತವಿಜ್ಞಾನಿ ಇಗೋರ್ ನೋವಿಕೋವ್ ಒಂದು ತತ್ವವಾಗಿಯೇ ಮಂಡಿಸಿದರು.

ಗಡಿಯಾರ ನೋಡಿದರೆ ಉಳಿದದ್ದನ್ನು ಬೇಗ ಹೇಳಬೇಕು. 1991ರಲ್ಲೇ ಡೇವಿಡ್ ಡಾಯ್ಚ್ ಎಂಬ ಭೌತವಿಜ್ಞಾನಿ ಬೇರೆ ದಾರಿ ತೋರಿಸಿದರು. ವಿಶ್ವಗಳು ಹಲವಿವೆ, ನೀವು ಕೊಂದ ತಾತ ಇನ್ನೊಂದು ವಿಶ್ವದ ತಾತ ಅಂತ. ಇರಬಹುದು. ಆದರೆ ಅದು ನಮ್ಮ ತಾತ ಅಲ್ಲವಲ್ಲ! ಹಿಂದಕ್ಕೆ ಹೋಗುತ್ತೇನೆ ಅಂದವರು ಪಕ್ಕದ ಊರಿಗೆ ಹೋಗಿಬಂದರು. ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಕೇಂಬ್ರಿಡ್ಜ್‌ನಲ್ಲಿ ಕಾಲಯಾನಿಗಳಿಗೆ ಔತಣ ಇಟ್ಟು, ಅದು ಮುಗಿದ ಮೇಲೆ ಆಹ್ವಾನ ಹೊರಡಿಸಿದರು. ಯಾರೂ ಬರಲಿಲ್ಲ. ಕಾಲಯಾನ ಅಸಾಧ್ಯ ಅನ್ನುವುದಕ್ಕೆ ಬಹಳ ಜನ ಇದನ್ನು ಪುರಾವೆ ಅಂತ ಹಿಡಿದುಕೊಳ್ಳುತ್ತಾರೆ. ಆದರೆ ಥಾರ್ನ್ ಹೇಳಿದ ಯಂತ್ರ, ತಾನು ತಯಾರಾದ ದಿನಕ್ಕಿಂತ ಹಿಂದಕ್ಕೆ ಯಾರನ್ನೂ ಕರೆದೊಯ್ಯಲಾರದು. 2009ರಲ್ಲಿ ಅಂಥ ಯಂತ್ರ ಇರಲಿಲ್ಲ, ಅತಿಥಿಗಳು ಬರುವುದು ಹೇಗೆ? 1992ರಲ್ಲಿ ಹಾಕಿಂಗ್ ಅವರೇ ಕೊಟ್ಟ ವಾದ ಇದಕ್ಕಿಂತ ಗಟ್ಟಿ. ಕಾಲಯಂತ್ರ ಹುಟ್ಟುವ ಗಳಿಗೆಯಲ್ಲೇ ಶಕ್ತಿ ಅದರಲ್ಲಿ ಮಡುಗಟ್ಟಿ ಅದನ್ನು ನಾಶ ಮಾಡುತ್ತದೆ ಎಂಬ ಊಹೆ. ಅದು ನಿಜವಾದರೆ ಕಾಲಯಾನವನ್ನು ತಡೆದದ್ದು ಭೌತವಿಜ್ಞಾನ. ತರ್ಕ ಅಲ್ಲ.

ಕೊನೆಗೆ ಸುತ್ತುಬಳಸಿನ ಕಾರಣಗಳು. ಒಂದು ಮನೆಯಲ್ಲಿ ಅಜ್ಜಿ ಮೊಮ್ಮಗಳಿಗೆ ಕುಂಕುಮದ ಬೆಳ್ಳಿ ಭರಣಿ ಕೊಡುತ್ತಾರೆ. ಮೊಮ್ಮಗಳು ಐವತ್ತು ವರ್ಷ ಹಿಂದಕ್ಕೆ ಹೋಗಿ, ಅದನ್ನು ಇನ್ನೂ ಮದುವೆಯಾಗದ ಆ ಅಜ್ಜಿಯ ಕೈಗೇ ಕೊಟ್ಟುಬರುತ್ತಾಳೆ. ಅಜ್ಜಿಯ ಭರಣಿ ಅದೇ. ಹಾಗಾದರೆ ಅದನ್ನು ಮಾಡಿದವರು ಯಾರು? ಯಾರೂ ಇಲ್ಲ. ವಿಚಿತ್ರ, ಒಪ್ಪುತ್ತೇನೆ. ಆದರೆ ವಿರೋಧ ಎಲ್ಲಿದೆ ತೋರಿಸಿ. ತಾತನ ಕಥೆಯಲ್ಲಿ ಒಂದೇ ವಿಷಯ ಆಯಿತು, ಆಗಲಿಲ್ಲ ಅಂತ ಎರಡೂ ಹೇಳಬೇಕಾಗಿತ್ತು. ಇಲ್ಲಿ ಹಾಗೇನಿಲ್ಲ. ಇಂಥ ವಸ್ತುಗಳಿಗೆ ಲೊಸ್ಸೆವ್ ಮತ್ತು ನೋವಿಕೋವ್ 1992ರಲ್ಲಿ ಜಿನ್ ಅಂತ ಹೆಸರಿಟ್ಟರು, ಅರಬ್ಬಿ ಕಥೆಗಳ ಜಿನ್ ಎಂಬ ಭೂತಗಳ ಹಾಗೆ ಎಲ್ಲಿಂದಲೋ ಪ್ರತ್ಯಕ್ಷವಾಗುತ್ತವೆ ಅಂತ.

"ಸುತ್ತಿದ ಹಾಗೆಲ್ಲ ಭರಣಿ ಸವೆಯುವುದಿಲ್ಲವೇ?" ಅಂತ ಜಾಣರು ಕೇಳುತ್ತಾರೆ. ಸುತ್ತಿದ ಹಾಗೆಲ್ಲ ಅನ್ನುವ ಹಾಗೇ ಇಲ್ಲ. ಆ ಸುತ್ತು ಕೂಡ ಒಂದೇ ಸಲ ನಡೆಯುತ್ತದೆ. ಅಜ್ಜಿಯ ಕೈಗೆ ಬಂದ ದಿನ ಭರಣಿ ಹೇಗಿತ್ತೋ, ಮೊಮ್ಮಗಳು ಹೊತ್ತುಕೊಂಡು ಹೊರಟ ದಿನವೂ ಅದು ಗೀರಿಗೆ ಗೀರು ಹಾಗೇ ಇರಬೇಕು. ಐವತ್ತು ವರ್ಷದಲ್ಲಿ ಬಿದ್ದ ತಗ್ಗು, ಸವೆದ ಬೆಳ್ಳಿ, ಸಡಿಲವಾದ ಮುಚ್ಚಳ ಎಲ್ಲವನ್ನೂ ಆ ಐವತ್ತು ವರ್ಷದೊಳಗೇ ಯಾರಾದರೂ ಸರಿಮಾಡಿರಬೇಕು. ಲೊಸ್ಸೆವ್, ನೋವಿಕೋವ್ ಹೇಳಿದ್ದೂ ಇದನ್ನೇ, ಸವೆತ ತುಂಬಲು ಹೊರಗಿನಿಂದ ಶಕ್ತಿ ಬರಬೇಕು. ಅಂದರೆ ಈ ಭರಣಿಯನ್ನು ಮಾಡಿದ ಅಕ್ಕಸಾಲಿಗ ಇಲ್ಲದಿದ್ದರೂ ನಡೆಯುತ್ತದೆ. ರಿಪೇರಿ ಮಾಡಿದ ಅಕ್ಕಸಾಲಿಗ ಮಾತ್ರ ಇರಲೇಬೇಕು.

ನಮಸ್ಕಾರ.