ಮೂರು ವಾರವಾದರೂ ಮಾಯದ ಹುಣ್ಣು

ಕೇಳುಗರಿಗೆ ನಮಸ್ಕಾರ. ಕವಳ, ಅಂದರೆ ತಂಬಾಕು ಸೇರಿಸಿದ ಎಲೆ-ಅಡಿಕೆ, ಹಾಕಿಕೊಂಡು ರೇಡಿಯೊ ಕೇಳುತ್ತಿರುವವರು ಸ್ವಲ್ಪ ಹತ್ತಿರ ಬನ್ನಿ. ಇವತ್ತಿನ ಮಾತು ನಿಮಗೇ.

ಬಾಯಲ್ಲಿ ಹುಣ್ಣಾಗಿ ಮೂರು ವಾರವಾದರೂ ಮಾಯಲಿಲ್ಲವೇ? ದೊಡ್ಡಾಸ್ಪತ್ರೆಗೆ ತೋರಿಸಿ. ಬ್ರಿಟನ್ನಿನ 2015ರ ಮಾರ್ಗಸೂಚಿಯೂ ಅಲ್ಲಿನ ವೈದ್ಯರಿಗೆ ಇದೇ ಮೂರು ವಾರದ ಲೆಕ್ಕ ಕೊಟ್ಟಿದೆ. ನೋವಿಲ್ಲ ಎಂದು ಸುಮ್ಮನಿರಬೇಡಿ. ಬಾಯಿಯ ಕ್ಯಾನ್ಸರ್ ಶುರುವಿನಲ್ಲಿ ನೋಯುವುದೇ ಕಡಿಮೆ.

ಕುಮಟಾ ಕಡೆಯ ಒಬ್ಬ ಅಮ್ಮ, ಮೀನು ಮಾರುವವರು. ರಾತ್ರಿ ಮಲಗುವಾಗಲೂ ಎಡಗೆನ್ನೆಯಲ್ಲಿ ಕವಳ ಇರಬೇಕು. ಯುಗಾದಿ ಹೊತ್ತಿಗೆ ಅಲ್ಲೊಂದು ಹುಣ್ಣಾಯಿತು. ಅವರು ಮಾಡಿದ್ದೇನು ಗೊತ್ತಾ? ಕವಳವನ್ನು ಬಲಗೆನ್ನೆಗೆ ಬದಲಾಯಿಸಿದರು! ಮೆಡಿಕಲ್ ಅಂಗಡಿಯವರು ಮುಲಾಮು ಕೊಟ್ಟರು. ಮುಗಿದ ಮೇಲೆ ಮತ್ತೊಂದು ಕೊಟ್ಟರು. ಒಂದು ಕ್ಲಿನಿಕ್‌ನಲ್ಲಿ ಬಿ-ಕಾಂಪ್ಲೆಕ್ಸ್ ಬರೆದರು. ಇನ್ನೊಂದು ಕಡೆ ಹಲ್ಲು ಚೂಪಾಗಿದೆ ಎಂದು ಉಜ್ಜಿ ಕಳಿಸಿದರು. ಉಜ್ಜಿದ್ದು ಸರಿಯೇ. ಆದರೆ ಎರಡು ವಾರ ಬಿಟ್ಟು ಬನ್ನಿ, ನೋಡೋಣ ಎಂದು ಯಾರೂ ಹೇಳಲಿಲ್ಲ. ಚೌತಿ ಮುಗಿದ ಮೇಲೆ ಮೊಮ್ಮಗಳು ನನ್ನ ಹತ್ತಿರ ಕರೆತಂದಳು. ಅಷ್ಟರಲ್ಲಿ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಇಷ್ಟು ದಿನ ಯಾಕಮ್ಮಾ ಬರಲಿಲ್ಲ ಎಂದೆ. "ನೋವೇ ಇರ್ಲಿಲ್ಲ ಡಾಕ್ಟ್ರೇ, ಮತ್ತೆಂತಕ್ಕೆ ಬರೂದು?"

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ದವಡೆಯ ಒಂದು ಭಾಗವನ್ನೇ ತೆಗೆದರು, ಆಮೇಲೆ ರೇಡಿಯೇಶನ್. ಬದುಕಿದ್ದಾರೆ, ಈಗಲೂ ಬೈಯುತ್ತಾರೆ. ಆದರೆ ಮೂರನೇ ವಾರಕ್ಕೇ ಬಂದಿದ್ದರೆ ಸಣ್ಣ ಆಪರೇಷನ್‌ನಲ್ಲೇ ಮುಗಿಯುತ್ತಿತ್ತೇನೋ.

ತಂಬಾಕು ಬಿಟ್ಟಿದ್ದೇನೆ, ಬರೀ ಎಲೆ-ಅಡಿಕೆ ಎನ್ನುವವರೂ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಶಿರಸಿಯ ನೆಂಟರು ಸಿಟ್ಟಾಗಬಹುದು, ಆಗಲಿ.

ತುಂಡು ತೆಗೆದು ಪರೀಕ್ಷೆ ಮಾಡಿದರೆ ಕಾಯಿಲೆ ಹರಡುತ್ತದೆ ಎನ್ನುತ್ತಾರಲ್ವಾ? ಸುಳ್ಳು. ಈ ತುಂಡಿನ ಪರೀಕ್ಷೆ, ಅಂದರೆ ಬಯಾಪ್ಸಿ, ಇಲ್ಲದೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳಲಾಗದು.

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸ್ತನದಲ್ಲಿ ಗಂಟು, ಕುತ್ತಿಗೆಯಲ್ಲಿ ಕರಗದ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮೂತ್ರದಲ್ಲಿ ರಕ್ತ: ಇವಕ್ಕೆ ಮೂರು ವಾರವೂ ಕಾಯಬೇಡಿ. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಹುಣ್ಣು ಯಾವಾಗ ಶುರುವಾಯಿತು ಎಂಬುದನ್ನು ರೆಫರಲ್ ಚೀಟಿಯಲ್ಲಿ ಬರೆಸಿಕೊಳ್ಳಿ. ವೈದ್ಯರು ಮರೆತರೆ ನೀವೇ ನೆನಪಿಸಿ. ಆಯುಷ್ಮಾನ್ ಕಾರ್ಡ್ ಜೊತೆಗಿರಲಿ. ನಮಸ್ಕಾರ.